ಶಾರ್ಜಾದಲ್ಲಿ ಕಾಣದ ಮಗು

22 ಏಪ್ರಿಲ್ 2002, ಸೋಮವಾರ

ಇವತ್ತೂ ಮಾರ್ಕ್ವೀ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಓಡಿಸುವ ಟ್ಯಾಗ್. ವಿಜಿಲ್ ಸಾರ್ ಹೆಸರನ್ನೇ ಓಡಿಸಿದೆ. ಗೌರವಪೂರ್ವಕವಾಗಿ. ಮುಚ್ಚುವ ಟ್ಯಾಗ್ ಹಾಕಲು ಮರೆತೆ — ಮರೆತೆ ಎಂದೇ ದಾಖಲಾಗಲಿ — ಸಾರ್ ಹಿಂದೆ ಕಂಪ್ಯೂಟರ್ ಸೆಂಟರಿನ ವಿಳಾಸ, ಫೋನ್ ನಂಬರು, ಕೋರ್ಸುಗಳು, ಎಲ್ಲ ಮೆರವಣಿಗೆ ಹೊರಟವು.

"ತೆರೆದದ್ದನ್ನ ಮುಚ್ಚಬೇಕು ಶಹ್ಮಾ. ಮನೇಲಿ ಫ್ರಿಜ್ ಬಾಗಿಲು ಮುಚ್ಚಲ್ವಾ?"

"ಇಲ್ಲ ಸಾರ್. ಉಮ್ಮ ಬಂದು ಮುಚ್ತಾರೆ."

ಸಾರ್ ನಗಲಿಲ್ಲ. ಕಣ್ಣೂರಿನಿಂದ ತಲಶ್ಶೇರಿವರೆಗೆ ಬಸ್ಸಲ್ಲಿ ನಿಂತು ಬರುವ ಮನುಷ್ಯ. ಬೆಳಿಗ್ಗೆ ನಗುವುದಿಲ್ಲ.

ಪ್ಲಸ್ ಟು ರಿಸಲ್ಟ್ ಬರುವವರೆಗೆ ನನ್ನನ್ನು ಇಲ್ಲಿ ಕಟ್ಟಿಹಾಕಿದ್ದಾರೆ. ಎಚ್‌ಟಿಎಂಎಲ್ ಕಲಿಯಲಿ ಅಂತಲ್ಲ, ಮನೆಯ ಫೋನಿಗೆ ರಕ್ಷಣೆ ಸಿಗಲಿ ಅಂತ. ಅಕ್ಕನ ಗಂಡ ಅಷ್ಕರ್ ಭಾವ ಕಳೆದ ಸಲ ರಜೆ ಮುಗಿಸಿ ಶಾರ್ಜಾಕ್ಕೆ ಹೊರಟ ದಿನ, ಏರ್‌ಲೈನ್ ಆಫೀಸಿನ ಹೆಂಗಸಿನ ದನಿಯಲ್ಲಿ ಫೋನ್ ಮಾಡಿ "ಸರ್, ನಿಮ್ಮ ವಿಮಾನ ಕಳೆದುಹೋಗಿದೆ, ಹುಡುಕುತ್ತಿದ್ದೇವೆ" ಅಂದಿದ್ದೆ. ಭಾವ ಗಾಬರಿಯಾಗಿ ಒಂದು ಚಪ್ಪಲಿ, ಒಂದು ಶೂ ಹಾಕಿಕೊಂಡು ಓಡಿದ್ದರು.

25 ಏಪ್ರಿಲ್, ಗುರುವಾರ

ಚಿತ್ರ ಹಾಕುವ ಟ್ಯಾಗ್ ಬಂತು. ಇದಕ್ಕೆ ಮುಚ್ಚುವ ಟ್ಯಾಗೇ ಬೇಡ. ನನ್ನಂಥವರಿಗಾಗಿಯೇ ಮಾಡಿದ್ದು.

ಸಂಜೆ ಅಷ್ಕರ್ ಭಾವನ ಫೋನ್. ಮದುವೆಯಾಗಿ ಮೂರು ವರ್ಷವಾದರೂ ನಮ್ಮ ಮನೆಗೆ ಅವರು ಈಗಲೂ ಪುದಿಯಾಪ್ಳ — ಹೊಸ ಮದುಮಗ. ಅವರು ಬಂದಾಗ ಮಾತ್ರ ಮೊಟ್ಟೆಯ ಸಿಹಿತಿಂಡಿ ಮುಟ್ಟಮಾಲೆ ಆಗುತ್ತದೆ. ಈಚೆಗೆ ಆಗಿಲ್ಲ. ಅವರು ಹೋದ ಮೇಲೆ ಫಿದ ಹುಟ್ಟಿದಳು. ಏಳು ತಿಂಗಳಾಯಿತು. ಮಗಳನ್ನು ನೋಡಿಲ್ಲ. ಹೆರಿಗೆಯ ನಲವತ್ತು ದಿನ ಕಳೆದಾಗ ಒಂದು ಫೋಟೋ ಕಳಿಸಿದ್ದೆವು, ಅದರಲ್ಲಿ ಕಾಣುವುದು ಟವೆಲ್.

ಅಕ್ಕ — ಮುಬೀನ ಇತ್ತಾತ — ಫೋನ್ ಇಟ್ಟು ಬಹಳ ಹೊತ್ತು ಟವೆಲ್ ಮಡಚಿದಳು.

ಆದ್ದರಿಂದ ಅಧಿಕೃತ ಪ್ರಕಟಣೆ: ಮುಂದಿನ ಶುಕ್ರವಾರ ಫಿದ ಶಾರ್ಜಾದ ಪರದೆಯ ಮೇಲೆ ಉದಯಿಸುವಳು. ಪುಟ ನನ್ನದು.

29 ಏಪ್ರಿಲ್

ಸ್ಟುಡಿಯೋದ ಪವಿತ್ರೇಟ್ಟನ್ ಫೋಟೋ ತೆಗೆದು, ಸ್ಕ್ಯಾನ್ ಮಾಡಿ, ಫ್ಲಾಪಿಯಲ್ಲಿ ಕೊಟ್ಟರು. ಸೆಂಟರಿನ ಕಂಪ್ಯೂಟರಿಗೆ ಇಳಿಸಿದೆ. ಪುಟಕ್ಕೆ ಗುಲಾಬಿ ಹಿನ್ನೆಲೆ, ಮಿನುಗುವ ನಕ್ಷತ್ರ. ಅಸಹ್ಯವಾಗಿದೆ. ಇತ್ತಾತನಿಗೆ ಬಹಳ ಇಷ್ಟವಾಯಿತು.

ಚಿತ್ರದ ಟ್ಯಾಗಿನೊಳಗೆ 'ಆಲ್ಟ್' ಅಂತ ಒಂದು ಜಾಗ.

"ಚಿತ್ರ ಬರದೇ ಹೋದ್ರೆ ಅದರ ಬದಲು ಏನು ಕಾಣಬೇಕೋ ಅದನ್ನ ಇಲ್ಲಿ ಬರಿ."

"ಯಾಕೆ ಬರಲ್ಲ ಸಾರ್? ಬಂದಿದೆಯಲ್ಲ."

"ಬರೀ ಅಂದ್ರೆ ಬರಿ."

ಯಾರೂ ಓದದ ಜಾಗದಲ್ಲಿ ಬರೆಯಲು ನನಗೆ ಮೊದಲಿಂದಲೂ ಉತ್ಸಾಹ. ಬರೆದೆ: 'ಕುಮಾರಿ ಫಿದ ಅವರು ಸದ್ಯ ಯಾರನ್ನೂ ಕಾಣುವ ಸ್ಥಿತಿಯಲ್ಲಿಲ್ಲ. ಕುಟುಂಬದವರು ವಿಷಾದಿಸುತ್ತಾರೆ.'

2 ಮೇ, ಗುರುವಾರ

ಉದ್ಘಾಟನೆ. ಸಾರ್ ರಜೆ. ಹಾಗಾಗಿ ಪುಟವನ್ನೂ ಫೋಟೋವನ್ನೂ ಇಂಟರ್ನೆಟ್ಟಿಗೆ ಏರಿಸಿದ ಕೀರ್ತಿ ಪೂರ್ತಿ ನನ್ನದೇ. ಉಮ್ಮ, ಅಜ್ಜಿ ಉಮ್ಮಾಮ, ಇತ್ತಾತ, ಮಗು, ಎಲ್ಲ ಆಟೋದಲ್ಲಿ ಸೆಂಟರಿಗೆ ಬಂದರು. ವಿಳಾಸ ಹೊಡೆದೆ. ಪುಟ ಮೇಲಿನಿಂದ ನಿಧಾನ ಬಿಚ್ಚಿಕೊಂಡಿತು. ಫಿದ ಬಂದಳು. ಹಣೆ, ಕಣ್ಣು, ಕೆನ್ನೆ.

"ಮೊದಲು ಆ ಗಾಜು ಒರೆಸು," ಅಂದರು ಉಮ್ಮಾಮ. "ಮಗು ಮೇಲೆಲ್ಲ ಧೂಳು."

ಇತ್ತಾತ ನನ್ನ ಕಿವಿ ಹಿಂಡಿದಳು. ಅವಳ ಮಟ್ಟಿಗೆ ಅದು ಪದ್ಮಶ್ರೀ.

3 ಮೇ, ಶುಕ್ರವಾರ. ಸಂಜೆ, ಭಾವನ ಫೋನ್

"ಶಹ್ಮಾ, ಮಗಳೆಲ್ಲಿ?"

"ಪುಟದಲ್ಲೇ ಇದಾಳಲ್ಲ ಭಾವ."

"ಇಲ್ಲಿ ಒಂದು ಖಾಲಿ ಚೌಕ. ಅದರಲ್ಲಿ ಕೆಂಪು ಕಾಟು ಗುರುತು. ಪಕ್ಕದಲ್ಲಿ ಬರೆದಿದೆ..."

ಓದಿದರು. ನನ್ನ ವಾಕ್ಯ, ಪದ ಬಿಡದೆ. ಅವರ ಬಾಯಲ್ಲಿ ಅದು ಆಸ್ಪತ್ರೆಯವರು ಬಾಗಿಲಿಗೆ ಅಂಟಿಸಿದ ಚೀಟಿಯ ಹಾಗೆ ಕೇಳಿಸಿತು. ನಗುತ್ತಾರೆಂದು ಕಾದೆ.

"ತಮಾಷೆ ಭಾವ, ಅದು."

"ಉಮ್ಮನಿಗೆ ಕೊಡು."

ಉಮ್ಮ ಅಂದರು — "ಏನೂ ಆಗಿಲ್ಲ ಮೋನೇ. ಎಲ್ಲ ಸೌಖ್ಯ. ಏನೂ ಯೋಚನೆ ಮಾಡಬೇಡ."

ಅಲ್ಲಿಗೆ ಕೆಟ್ಟಿತು. ಗಲ್ಫಿನಲ್ಲಿರುವವರಿಗೆ ಇಲ್ಲಿಂದ ಯಾರೂ ನಿಜ ಹೇಳುವುದಿಲ್ಲ, ದೂರದಲ್ಲಿ ಒಬ್ಬರೇ ಇರ್ತಾರೆ ಅಂತ. ಕಳೆದ ವರ್ಷ ಭಾವನ ಅಪ್ಪ ತೀರಿಕೊಂಡಾಗಲೂ ಉಮ್ಮ ಇದೇ ದನಿಯಲ್ಲಿ "ಸ್ವಲ್ಪ ಜ್ವರ, ಯೋಚನೆ ಮಾಡಬೇಡ" ಅಂದಿದ್ದರು. ಆಗ ಮಣ್ಣು ಮಾಡಿ ಆಗಿತ್ತು.

"ಮಗು ದನಿಯಾದ್ರೂ ಕೇಳಿಸಿ," ಅಂದರಂತೆ ಭಾವ. ರಿಸೀವರ್ ಹಿಡಿದೆವು. ಫಿದ ಉಸಿರು ಬಿಗಿಹಿಡಿದು ಆಲಿಸಿದಳು. ಒಂದು ಸದ್ದಿಲ್ಲ. ಇಡೀ ದಿನ ಕಿರುಚುವ ಪ್ರಾಣಿ, ಫೋನ್ ಕಂಡರೆ ಮಾತ್ರ ಮರ್ಯಾದೆ.

ಭಾವನ ಫೋನ್ ಕಾರ್ಡ್ ಮುಗಿದು ಲೈನ್ ಹೋಯಿತು.

4 ಮೇ

ಭಾವ ಮುಂದಿನ ಶನಿವಾರಕ್ಕೆ ಟಿಕೆಟ್ ತೆಗೆಸಿದ್ದಾರೆ. ಅವರು ಜ್ಯೂಸ್ ಮಾಡುವ ಕೆಫೆಟೇರಿಯದ ಮಾಲೀಕ, ಮುದಲಾಳಿ, ಹೇಳಿದ್ದು ಇಷ್ಟೇ ಅಂತೆ: ಹೋಗುವವನು ಹೋಗಬಹುದು, ಜ್ಯೂಸ್ ಮಾಡಲು ಬೇರೆಯವನು ಬರ್ತಾನೆ, ವೀಸಾ ಕ್ಯಾನ್ಸಲ್. ಈ ಕೆಲಸ ಸಿಗಲು ಭಾವ ಎಷ್ಟು ಬಾಗಿಲು ತಟ್ಟಿದ್ದರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಇತ್ತಾತ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಲ್ಲಿ ಬರೆಯಲು ಅನುಕೂಲವಾಗುತ್ತಿತ್ತು.

5 ಮೇ, ಭಾನುವಾರ

ಸೆಂಟರಿಗೆ ಬೀಗ. ಬಸ್ ಹತ್ತಿ ಕಣ್ಣೂರಿಗೆ, ಸಾರ್ ಮನೆಗೇ ಹೋದೆ. ಅಂಗಳದಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದರು, ಕೈಯೆಲ್ಲ ಮೇಣ. ಕೇಳಿಸಿಕೊಂಡರು.

"ಫೋಟೋ ಎಲ್ಲಿದೆ ಅಂತ ಬರೆದೆ ಟ್ಯಾಗಲ್ಲಿ?"

ಬಾಯಿಪಾಠ ಒಪ್ಪಿಸಿದೆ. ಸಿ ಡ್ರೈವ್, ಮೈ ಡಾಕ್ಯುಮೆಂಟ್ಸ್, ಫಿದ.

ಸಾರ್ ನಕ್ಕರು. ನಾನು ಕಂಡ ಮೊದಲ ನಗೆ.

"ಅಂದ್ರೆ ನೀನು ಹೇಳಿದ್ದು, ಮಗು ಅಡುಗೆಮನೆ ಕಪಾಟಲ್ಲಿದೆ, ತೆಗೆದು ನೋಡಿ ಅಂತ. ಪಾಪ, ಅವರು ಶಾರ್ಜಾದ ರೂಮಲ್ಲಿರೋ ಕಪಾಟು ತೆಗೆದರು. ಅಲ್ಲಿ ಉಪ್ಪಿನಕಾಯಿ ಇರುತ್ತೆ."

"ಸೆಂಟರಲ್ಲಿ ಚೆನ್ನಾಗೇ ಕಾಣ್ತಿತ್ತಲ್ಲ ಸಾರ್!"

"ಸೆಂಟರಿನ ಕಪಾಟಲ್ಲಿ ನೀನೇ ಇಟ್ಟಿದ್ದೆಯಲ್ಲ ಮಹಾತಾಯಿ. ದಾರಿ ತೆಗೆದುಹಾಕು. ಫೈಲಿನ ಹೆಸರಷ್ಟೇ ಸಾಕು. ಪುಟ ಎಲ್ಲಿದೆಯೋ ಅಲ್ಲೇ ಪಕ್ಕದಲ್ಲಿ ಹುಡುಕುತ್ತೆ."

ಇಷ್ಟೇ. ಒಂದು ಸಿ, ಒಂದೆರಡು ಗೆರೆ. ಒಬ್ಬ ಮನುಷ್ಯನ ವೀಸಾ.

ಹಲಸಿನ ತೊಳೆ ಕಟ್ಟಿಕೊಟ್ಟರು. ಬಸ್ಸಲ್ಲಿ ನಾನೇ ಮುಗಿಸಿದೆ.

6 ಮೇ, ಸೋಮವಾರ

ಸರಿಮಾಡಿ ಏರಿಸಿದೆ. ಸಾರ್ ಬೇರೊಂದು ಕಂಪ್ಯೂಟರಲ್ಲಿ ತೆರೆಸಿದರು. ಬಂದಳು. ಆಲ್ಟ್ ಜಾಗದಲ್ಲಿ 'ಫಿದ, ಏಳು ತಿಂಗಳು' ಅಂತ ಮಾತ್ರ ಬರೆದೆ. ಬೆರಳು ನೋಯಿತು.

ಸಂಜೆ ಭಾವ.

"ನೋಡಿದೆ. ಯಾವಾಗ ತೆಗೆದದ್ದು?"

"ಹೋದ ತಿಂಗಳು."

"ಹೋದ ತಿಂಗಳ ಮಗು ನನಗೆ ಬೇಡ. ಇವತ್ತು ಹೇಗಿದಾಳೆ?"

"ಚೆನ್ನಾಗಿದಾಳೆ ಭಾವ, ದೇವರಾಣೆ."

"ವಿಮಾನ ಕಳೆದುಹೋಗಿದೆ ಅಂದವಳಲ್ವಾ ನೀನು?"

ನ್ಯಾಯವಾದ ಪ್ರಶ್ನೆ. ಯೋಚಿಸಿ ಹೇಳಿದೆ — ಮಗುವನ್ನು ಅವತ್ತಿನ ಪೇಪರ್ ಜೊತೆ ಕೂರಿಸಿ ಫೋಟೋ ತೆಗೆಯುತ್ತೇನೆ. ಅಪಹರಣಕಾರರು ಅನುಸರಿಸುವ ಪದ್ಧತಿ, ನಂಬಬಹುದು.

"ಶುಕ್ರವಾರದೊಳಗೆ," ಅಂದರು ಭಾವ.

7 ಮೇ

ಅಪಹೃತಳು ಸಹಕರಿಸಲಿಲ್ಲ. ಪೇಪರ್ ಎದುರು ಇಟ್ಟ ಕೂಡಲೇ ಮೊದಲು ತಾರೀಖು ತಿಂದಳು. ಎರಡನೇ ಪೇಪರಲ್ಲಿ ಮುಖ್ಯಮಂತ್ರಿಯನ್ನು.

"ಇನ್ನೊಂದು ತಾ," ಅಂದರು ಪವಿತ್ರೇಟ್ಟನ್. "ಈ ಸಲ ಕ್ರೀಡಾಪುಟ ಕೊಡು, ಒಗರು ಇರುತ್ತೆ."

ಇತ್ತಾತ ನಕ್ಕಳು. ನಾಲ್ಕು ದಿನದ ಮೇಲೆ. ಅವಳು ನಕ್ಕದ್ದಕ್ಕೆ ಮಗು ಬಾಯಿ ಅಗಲಿಸಿ ನಕ್ಕಿತು, ಅಷ್ಟರಲ್ಲಿ ಪವಿತ್ರೇಟ್ಟನ್ ಒತ್ತಿಬಿಟ್ಟರು. ತಾರೀಖಿನ ಮೇಲೆ ಜೊಲ್ಲು, ಹೆಡ್ಡಿಂಗ್ ಮಾತ್ರ ಪೂರ್ತಿ ಇದೆ.

9 ಮೇ, ಗುರುವಾರ

ಫೋಟೋ ತೊಳೆದು ಬಂತು. ಸ್ಕ್ಯಾನ್. ಏರಿಸಿದೆ. ಸಾರ್ ಹಿಂದೆ ನಿಂತಿದ್ದರು, ಕೈ ಹಾಕಲಿಲ್ಲ. ಅರ್ಧದಲ್ಲಿ ಕರೆಂಟ್ ಹೋಯಿತು. ಮತ್ತೆ ಮೊದಲಿಂದ.

"ಬಾಯಲ್ಲಿ ಪೇಪರ್ ಚೂರು ಹಾಗೇ ಇದೆ ನೋಡು," ಅಂತ ಇತ್ತಾತನ ತಕರಾರು. "ತೆಗೆದಾದ್ರೂ ಕೂರಿಸಬಾರದಿತ್ತಾ? ಅವರು ಏನಂದುಕೊಳ್ತಾರೆ!"

10 ಮೇ, ಶುಕ್ರವಾರ

ಜುಮಾ ನಮಾಜ್ ಕಳೆದು ಫೋನ್. ನೆಟ್ ಕೆಫೆಯಲ್ಲೇ ಕೂತು, ಗೆಳೆಯನ ಮೊಬೈಲಿಂದ. ರಿಸೀವರ್ ನನ್ನ ಕೈಯಲ್ಲಿ, ಅದರ ಸುತ್ತ ಮೂರು ತಲೆ.

"ಹೆಡ್ಡಿಂಗ್ ಓದಿದೆ," ಅಂದರು ಭಾವ. "ಮಂಗಳವಾರದ್ದೇ. ಇಲ್ಲಿಗೂ ಆ ಪೇಪರ್ ಬರುತ್ತೆ."

ಮೂರು ತಲೆಗಳೂ ರಿಸೀವರಿಗೆ ಇನ್ನಷ್ಟು ಒತ್ತಿಕೊಂಡವು.

"ಟಿಕೆಟ್ ವಾಪಸ್ ಕೊಡ್ತೀನಿ ಅಂತ ಮುಬೀನಾಗೆ ಹೇಳು."

ಹೇಳಬೇಕಾಗಲಿಲ್ಲ. ಇತ್ತಾತ ಗೋಡೆಗೊರಗಿ ನೆಲಕ್ಕೆ ಕೂತಳು.

"ಆದ್ರೆ ಒಂದು ವಿಷಯ ಮುಚ್ಚಿಟ್ಟಿದೀರಿ."

"ಏನೂ ಮುಚ್ಚಿಟ್ಟಿಲ್ಲ ಭಾವ!"

"ಹಲ್ಲು ಬಂದದ್ದು ಯಾಕೆ ಹೇಳಲಿಲ್ಲ?"

"ಯಾವ ಹಲ್ಲು? ಅದು ಪೇಪರ್ ಚೂರು."

"ಪೇಪರ್ ಅಲ್ಲ ಕಣೇ. ಕೆಳಗೆ, ನಡುವಲ್ಲಿ. ಆಗಿನಿಂದ ಅದನ್ನೇ ನೋಡ್ತಾ ಕೂತಿದೀನಿ, ನನಗೆ ಗೊತ್ತಾಗಲ್ವಾ?"

ಬೆಳಗಿಂದ ಸಂಜೆವರೆಗೆ ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಮಗುವನ್ನು ದಾಟಿಸುವ ನಾಲ್ವರು ಹೆಂಗಸರು. ಒಬ್ಬರಿಗೂ ಗೊತ್ತಿಲ್ಲ. ಉಮ್ಮ ನನ್ನ ಮುಖ ನೋಡಿದರು, ನಾನು ಇತ್ತಾತನ ಮುಖ. ಉಮ್ಮಾಮ ಯಾರ ಮುಖವನ್ನೂ ನೋಡದೆ ಎದ್ದು ಹೋಗಿ ಸ್ಟೀಲ್ ಚಮಚ ತಂದರು. ಇತ್ತಾತ ಗಲ್ಲ ಹಿಡಿದಳು. ಉಮ್ಮಾಮ ಚಮಚದ ತುದಿಯಿಂದ ಕೆಳ ಒಸಡನ್ನು ಮೆಲ್ಲಗೆ ತಟ್ಟಿದರು.

ಟಿಣ್.

"ಕೇಳಿಸ್ತು," ಅಂದರು ಭಾವ. "ಇನ್ನೊಂದ್ಸಲ."

ಟಿಣ್.

"ಇನ್ನೊಂದ್ಸಲ ಶಹ್ಮಾ, ಇಲ್ಲಿ ಗಲಾಟೆ, ಸ್ವಲ್ಪ ಹತ್ತಿರ —"