ಹದಿನಾಲ್ಕನೇ ವರ್ಷ

ಸೆಪ್ಟೆಂಬರ್ ೪, ಸೋಮವಾರ

ರಜೆ ಮುಗಿದು ಮೊದಲ ಕ್ಲಾಸ್. ಹತ್ತಕ್ಕೆ ಸರಿಯಾಗಿ ಹನ್ನೆರಡೂ ಜನ ನರ್ತಕರು ಅಭ್ಯಾಸದ ಕಂಬಿ ಹಿಡಿದು ನಿಂತಿದ್ದರು. ಆರು ವಾರ ಬಿಸಿಲಿಗೆ ಬಿದ್ದುಕೊಂಡಿದ್ದ ಮೈಗಳು — ಒಬ್ಬರ ಕಾಲೂ ಮೇಲೇಳದು. ಮಾರ್ಗಿಟ್ ಎಂದಿನಂತೆ ಗದರಿದಳು. ಅರವತ್ತಮೂರಾದರೂ ಗಂಟಲು ಹಾಗೇ ಇದೆ. ಬ್ಯಾಲೆ ನಿರ್ದೇಶಕಿ ಎಂಬ ಹಲಗೆ ನನ್ನ ಬಾಗಿಲಿಗಿದ್ದರೂ, ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಈ ತಂಡಕ್ಕೆ ಪಾಠ ಹೇಳುವವಳು ಅವಳೇ.

"ಟೆಲ್ಮೊ! ಪೋರ್ಚುಗಲ್‌ನಲ್ಲಿ ಅಮ್ಮ ಏನು ತಿನ್ನಿಸಿ ಕಳಿಸಿದ್ಲು? ಸೊಂಟ ಎಲ್ಲಿ?"

"ಅಲ್ಲೇ ಬಿಟ್ಟು ಬಂದೆ ಮಾರ್ಗಿಟ್. ಪಾರ್ಸಲ್ ಮಾಡ್ತಾಳಂತೆ."

ಎಲ್ಲರೂ ನಕ್ಕರು. ನಾನೂ.

ಟೆಲ್ಮೊಗೆ ಮೂವತ್ತಾರು. ತಂಡಕ್ಕೆಲ್ಲ ಹಿರಿಯ. ಅವನ ಮೊದಲ ವರ್ಷವೇ ನನ್ನ ಕೊನೆಯ ವರ್ಷ. ನಾನು ಕಡೆಯ ಸಲ ಕುಣಿದ ರಾತ್ರಿ ನನ್ನನ್ನು ಎತ್ತಿ ಹಿಡಿದವನು ಅವನೇ. ಇಪ್ಪತ್ತೆರಡರ ಹುಡುಗ, ವೇದಿಕೆಗೇ ಹೊಸಬ. ಆದರೂ ಬೀಳಿಸಲಿಲ್ಲ.

ಮಧ್ಯಾಹ್ನ ಮೇಜಿನ ಮೇಲೆ ಒಂದು ಹಾಳೆ. ನಮ್ಮ ನಾಟಕಗೃಹದ ಆಡಳಿತಾಧಿಕಾರಿ ಓಲ್ಟ್‌ಮನ್ಸ್ ಕಳಿಸಿದ್ದು. ಒಂದೇ ಹೆಸರು. ಟೆಲ್ಮೊ. ಪಕ್ಕದಲ್ಲಿ ಪೆನ್ಸಿಲಿನಲ್ಲಿ: ಹದಿನಾಲ್ಕನೇ ವರ್ಷ. ಮಾತಾಡೋಣ.

ಸೆಪ್ಟೆಂಬರ್ ೬, ಬುಧವಾರ

ಮಾತಾಡಿದ್ದಾಯಿತು.

ನಮ್ಮಲ್ಲಿ ವರ್ಷ ವರ್ಷದ ಕಾಂಟ್ರಾಕ್ಟ್. ಒಂದೇ ನಾಟಕಗೃಹದಲ್ಲಿ ಹದಿನೈದು ವರ್ಷ ದಾಟಿದವರನ್ನು ಮಾತ್ರ ತೆಗೆಯುವಂತಿಲ್ಲ. ಕಲಾವಿದರು ಬೀದಿಗೆ ಬೀಳಬಾರದೆಂದು ಮಾಡಿದ ನಿಯಮ. ಅದಕ್ಕೇ ಯಾರಿಗೂ ಹದಿನೈದು ತುಂಬಲು ಬಿಡುವುದಿಲ್ಲ.

"ಇನ್ನು ಹತ್ತು ವರ್ಷಕ್ಕೆ ಅವನಿಗೆ ನಲವತ್ತಾರು," ಎಂದರು ಓಲ್ಟ್‌ಮನ್ಸ್. "ಇರೋದು ಹನ್ನೆರಡು ಜನ. ಕುಣಿಯೋಕಾಗದ ಒಬ್ಬನ್ನ ಎಲ್ಲಿ ಇಡ್ತೀರಿ?"

"ಪಾಠ ಹೇಳ್ಲಿ. ಚೆನ್ನಾಗಿ ಹೇಳ್ಕೊಡ್ತಾನೆ."

"ಆ ಜಾಗದಲ್ಲಿ ಮಾರ್ಗಿಟ್ ಇದ್ದಾರಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷ."

"ನಾನು ಸಹಿ ಹಾಕದಿದ್ರೆ?"

"ನಾನು ಹಾಕ್ತೀನಿ. ನೀವು ಬಿಟ್ಟು ಹೋದ್ರೆ ಇನ್ನೊಬ್ಬರು ನಿರ್ದೇಶಕರು ಬರ್ತಾರೆ. ತಮ್ಮವರನ್ನ ಕರ್ಕೊಂಡು ಬರ್ತಾರೆ. ಆಗ ಹನ್ನೆರಡೂ ಜನ ಹೊರಗೆ. ನಿಮಗೆ ಗೊತ್ತಿಲ್ಲದ್ದಾ?"

ಗೊತ್ತು. ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. ಕೆಟ್ಟ ಮನುಷ್ಯನಲ್ಲ. ಆಗಿದ್ದರೆ ಜಗಳವಾದರೂ ಆಡಬಹುದಿತ್ತು.

ಬರುವ ಆಗಸ್ಟಿಗೆ ಅವನ ಕಾಂಟ್ರಾಕ್ಟ್ ಮುಗಿಸಬೇಕೆಂದರೆ ಈ ಅಕ್ಟೋಬರಿನಲ್ಲೇ ಅವನನ್ನು ಕೂರಿಸಿಕೊಂಡು ಮಾತಾಡಬೇಕು, ಅದು ಕಾನೂನು. ಕರೆಯುವ ಕಾಗದ ಅಂಚೆಯಲ್ಲಿ ಹೋಗುತ್ತದೆ. "ಅದಕ್ಕೆ ಮುಂಚೆ ನೀವೇ ಒಂದು ಮಾತು ಹೇಳಿಬಿಡಿ. ಕಾಗದಕ್ಕಿಂತ ಬಾಯಿಮಾತು ಮೆತ್ತಗಿರುತ್ತೆ."

ಹೇಳುತ್ತೇನೆ ಅಂದೆ.

ಸೆಪ್ಟೆಂಬರ್ ೧೫, ಶುಕ್ರವಾರ

ಹೇಳಿಲ್ಲ. ಹೊಸ ಪ್ರದರ್ಶನದ ರಿಹರ್ಸಲ್ ಶುರು. ಮುಳುಗಿದ ದೋಣಿಯಿಂದ ಒಬ್ಬನೇ ಬದುಕಿ ಬಂದ ಮೀನುಗಾರನ ಕಥೆ. ಮೀನುಗಾರ ಟೆಲ್ಮೊ. ಬೇರೆ ಯಾರಿಗೆ ಕೊಡಲಿ? ಇಪ್ಪತ್ತರ ಹುಡುಗರು ಹಾರುತ್ತಾರೆ, ತಿರುಗುತ್ತಾರೆ. ಸುಮ್ಮನೆ ನಿಲ್ಲಲು ಬರುವುದಿಲ್ಲ. ಇವನು ನಿಂತರೆ ಸಾಕು — ಹಿಂದೆ ಕಡಲಿದೆ ಅನ್ನಿಸುತ್ತದೆ.

ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೂತಿದ್ದ. ಪಕ್ಕ ಹೋಗಿ ಕೂತೆ. ಸಡಿಲವಾಗಿದ್ದ ಐಸಿನ ಪಟ್ಟಿ ಬಿಗಿದು ಕಟ್ಟಿಕೊಟ್ಟೆ. ಮುಂದಿನ ವಾರದ ಭಾನುವಾರ ಬಾ, ಹೊಸ ತೋಟ ನೋಡು ಎಂದ.

ಸೆಪ್ಟೆಂಬರ್ ೨೪, ಭಾನುವಾರ

ಹೋಗಬಾರದಿತ್ತು.

ರೈಲುಹಳಿಯ ಆಚೆ ಊರವರಿಗೆ ತುಂಡು ತುಂಡು ತೋಟ ಬಾಡಿಗೆಗೆ ಕೊಡುತ್ತಾರಲ್ಲ, ಅಲ್ಲಿ. ಆರು ವರ್ಷ ಸರದಿ ಕಾದರಂತೆ. ಒಂದು ಮರದ ಗುಡಿಸಲು, ಎರಡು ಸೇಬಿನ ಮರ, ಆಲೂಗಡ್ಡೆ ಪಾತಿ. ಹೆಂಡತಿ ಇಮ್ಕೆ ಪ್ಲಮ್ ಹಣ್ಣಿನ ಕೇಕು ಮಾಡಿದ್ದಳು. ಪ್ರಾಥಮಿಕ ಶಾಲೆಯ ಟೀಚರು, ಈ ಊರಿನವಳೇ, ಮಾತು ಕಡಿಮೆ.

"ಗೇಸಾ, ಏಣಿ ಹಿಡ್ಕೋ," ಎಂದ ಟೆಲ್ಮೊ ಮರ ಹತ್ತುತ್ತ. "ಅವತ್ತು ನಾನು ನಿನ್ನ ಹಿಡ್ದೆ. ಇವತ್ತು ನೀನು ಹಿಡಿ. ಬೀಳಿಸ್ಬಿಟ್ಟೀಯ!"

ಹಿಡಿದೆ.

ಕಾಫಿ ಬಗ್ಗಿಸುತ್ತ ಇಮ್ಕೆ ಎಂದಳು, "ಬರೋ ವರ್ಷ ಹದಿನೈದು ತುಂಬತ್ತೆ. ಆಮೇಲೆ ನಾನು ನೆಮ್ಮದಿಯಾಗಿ ಉಸಿರಾಡ್ತೀನಿ."

"ಬೇರೆ ಕಡೆ ಹದಿನಾಲ್ಕಕ್ಕೇ ಕಳಿಸ್ತಾರೆ, ಗೊತ್ತಾ?" ಎಂದ ಅವನು ಅವಳಿಗೆ, ನನ್ನ ಹೆಗಲ ಮೇಲೆ ಕೈಯಿಟ್ಟು. "ಇಲ್ಲಿ ಗೇಸಾ ಇದ್ದಾಳೆ."

ಬಾಯಿ ತುಂಬ ಕೇಕು ಇತ್ತು. ಅದೊಂದು ನೆಪ. ನುಂಗಿದೆ. ಕೇಕು ಚೆನ್ನಾಗಿದೆ ಅಂದೆ.

ಒಂದು ಚೀಲ ಸೇಬು ಕೊಟ್ಟು ಕಳಿಸಿದರು. ಅಡುಗೆಮನೆಯಲ್ಲಿದೆ. ಮನೆಯೆಲ್ಲ ಅದರದೇ ವಾಸನೆ.

ಅಕ್ಟೋಬರ್ ೫, ಗುರುವಾರ

ಮಾರ್ಗಿಟ್‌ಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಬಟಾಣಿ ಸೂಪು. ಎರಡು ವರ್ಷ ಮೊದಲೇ ಬಿಡುವ ಯೋಚನೆ ಏನಾದರೂ ಇದೆಯೇ — ಸುತ್ತಿ ಬಳಸಿ ಕೇಳಿದೆ. ಚಮಚ ಕೆಳಗಿಟ್ಟಳು.

"ಯಾರಿಗೋಸ್ಕರ?"

ಹೇಳಿದೆ.

"ಮುಂಚೆ ಬಿಟ್ರೆ ನನ್ನ ಪಿಂಚಣಿ ಕಮ್ಮಿಯಾಗತ್ತೆ ಗೇಸಾ. ಸಾಯೋ ತನಕ ಕಮ್ಮೀನೇ. ನಾನು ಒಂಟಿ ಹೆಂಗ್ಸು. ನಿಂಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಕೇಳ್ದೆ."

"ಕೇಳ್ದೆ."

"ಅವನಿಗೆ ಹೇಳಿದ್ಯಾ?"

ನಾನು ಸೂಪಿಗೆ ಇನ್ನಷ್ಟು ಉಪ್ಪು ಹಾಕಿಕೊಂಡೆ.

"ಥೂ! ಮೊದ್ಲು ಅವನಿಗೆ ಹೇಳು. ಆಮೇಲೆ ಊರವರನ್ನೆಲ್ಲ ಕೇಳ್ಕೊಂಡು ಬಾ."

ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಸೋಮವಾರ ಹೇಳುತ್ತೇನೆ. ಖಂಡಿತ.

ಅಕ್ಟೋಬರ್ ೯, ಸೋಮವಾರ

ಹೇಳಲಿಲ್ಲ. ಮಗಳ ಮೊದಲ ಹಲ್ಲು ಬಿತ್ತೆಂದು ಖುಷಿಯಲ್ಲಿದ್ದ. ನಾಳೆ.

ಅಕ್ಟೋಬರ್ ೧೦, ಮಂಗಳವಾರ

ಅಂಚೆ ನನಗಿಂತ ಮೊದಲು ಹೋಗಿ ತಲುಪಿದೆ. ಇಮ್ಕೆ ಒಡೆದು ಓದಿದಳಂತೆ. ಅವನು ಶಾಲೆಯಿಂದ ಮಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳಂತೆ, ಕಾಗದ ಹಿಡಿದುಕೊಂಡು. ಮಾರ್ಗಿಟ್ ಫೋನ್ ಮಾಡಿ ಹೇಳಿದಳು. ಅಷ್ಟು ಹೇಳಿ ಇಟ್ಟುಬಿಟ್ಟಳು.

ಅಕ್ಟೋಬರ್ ೧೧, ಬುಧವಾರ

ಬಂದಿದ್ದ. ಹತ್ತಕ್ಕೆ ಸರಿಯಾಗಿ. ಇಡೀ ಕ್ಲಾಸ್ ಮಾಡಿದ, ಒಂದು ಹೆಜ್ಜೆ ಬಿಡದೆ. ಮುಗಿದ ಮೇಲೆ ಬೆವರು ಒರೆಸಿಕೊಂಡು ನನ್ನ ಕೋಣೆಗೆ ಬಂದ. ಬಾಗಿಲು ಹಾಕಲಿಲ್ಲ.

"ಯಾವತ್ತು ಗೊತ್ತಾಯ್ತು?"

"ಸೆಪ್ಟೆಂಬರ್ ನಾಲ್ಕು."

ಲೆಕ್ಕ ಹಾಕುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು.

"ನೀವು ನಮ್ಮ ತೋಟಕ್ಕೆ ಬಂದಿದ್ರಿ," ಎಂದ.

ನೀವು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

"ಟೆಲ್ಮೊ, ಹೇಳಬೇಕು ಅಂತಾನೇ ಬಂದಿದ್ದೆ—"

"ಕೆಲಸ ಹೋಗೋದು ಹೋಗತ್ತೆ. ಎಷ್ಟೋ ಜನರದ್ದು ಹೋಗಿದೆ. ಆದ್ರೆ ಇಮ್ಕೆ ನಿಮಗೆ ಎರಡನೇ ತುಂಡು ಕೇಕ್ ಹಾಕಿದ್ಲು. ನೀವು ಅದನ್ನೂ ತಿಂದ್ರಿ."

ಹೋದ. ಕಾರಿಡಾರಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೇಳಲೆಂದೇ ಬಾಗಿಲು ತೆರೆದಿಟ್ಟಿದ್ದ ಅಂತ ಮೊದಲು ಅನ್ನಿಸಿತು. ಇಲ್ಲ. ಬಾಗಿಲು ಹಾಕಿಕೊಂಡು ನನ್ನ ಜೊತೆ ಒಂದೇ ಕೋಣೆಯಲ್ಲಿರಲು ಅವನಿಗೆ ಆಗಲಿಲ್ಲ.

ಅಕ್ಟೋಬರ್ ೧೯, ಗುರುವಾರ

ಕಾನೂನಿನ ಮಾತುಕತೆ. ಹನ್ನೊಂದು ನಿಮಿಷ. ಓಲ್ಟ್‌ಮನ್ಸ್, ನಾನು, ಟೆಲ್ಮೊ, ಕಲಾವಿದರ ಸಂಘದಿಂದ ಒಬ್ಬಾಕೆ. "ಕಲಾತ್ಮಕ ಕಾರಣಗಳಿಗಾಗಿ" ಎಂದು ನಾನು ಓದಬೇಕು. ಓದಿದೆ.

"ನಾನು ಕೆಟ್ಟದಾಗಿ ಕುಣೀತೀನಾ?" ಅಷ್ಟೇ ಕೇಳಿದ.

"ಇಲ್ಲ."

"ಹಾಗಾದ್ರೆ ಅದನ್ನ ಬರೀರಿ."

ಓಲ್ಟ್‌ಮನ್ಸ್ ಕೆಮ್ಮಿದರು. ಬರೆಯುವಂತಿಲ್ಲ, ಬರೆದರೆ ಕೋರ್ಟಿನಲ್ಲಿ ನಮ್ಮ ಕೇಸು ಬಿದ್ದುಹೋಗುತ್ತದೆ. ಸಂಘದಾಕೆ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿದ. ಬೇಡ, ಕೋರ್ಟು ಗೀರ್ಟು ಬೇಡ.

ಸಹಿ ಹಾಕಿದೆ. ಹಾಕುವಾಗ ಇನ್ನುಳಿದ ಹನ್ನೊಂದು ಜನರನ್ನು ನೆನೆದುಕೊಂಡೆ. ಅದು ನಿಜ. ನನ್ನ ಕುರ್ಚಿಯನ್ನೂ ನೆನೆದುಕೊಂಡೆ. ಯಾರೂ ಓದದ ಪುಸ್ತಕ ಇದು, ಅದನ್ನೂ ಬರೆದಿಡುತ್ತೇನೆ.

ನವೆಂಬರ್ ೨೫, ಶನಿವಾರ

ಮೊದಲ ಪ್ರದರ್ಶನ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಊರಿನವರು ಸುಲಭಕ್ಕೆ ಏಳುವವರಲ್ಲ. ಮೀನುಗಾರ ಬರಿಗೈಯಲ್ಲಿ ಮನೆಗೆ ಬರುವ ಭಾಗದಲ್ಲಿ ಟೆಲ್ಮೊ ನಾನು ಕಲಿಸಿದ್ದಕ್ಕಿಂತ ಮೂರು ಎಣಿಕೆ ಹೆಚ್ಚು ನಿಂತ. ಅದೇ ಸರಿ. ನನಗೆ ಹೊಳೆದಿರಲಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ ಪಾರ್ಟಿ. ನಾನು ಒಳಗೆ ಹೋದೆ, ಬಾಗಿಲ ಬಳಿ ಇದ್ದವರು ಪಕ್ಕಕ್ಕೆ ಸರಿದರು. ಗ್ಲಾಸು ಎತ್ತಿದೆ. ಅವರೂ ಎತ್ತಿದರು, ಶಿಸ್ತಿನ ಮಕ್ಕಳು. ಹತ್ತು ನಿಮಿಷ ನಿಂತು ಮನೆಗೆ ಬಂದೆ.

ಫೆಬ್ರವರಿ ೨೦, ಮಂಗಳವಾರ

ಮೂರು ತಿಂಗಳು ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಮಾರ್ಗಿಟ್ ಬಂದಳು. ಕೋಟು ಬಿಚ್ಚಲಿಲ್ಲ.

"ರಾಜೀನಾಮೆ ಕೊಟ್ಟೆ. ಆಗಸ್ಟಿಗೆ ಬಿಡ್ತೀನಿ."

"ಮಾರ್ಗಿಟ್! ನಿನ್ನ ಪಿಂಚಣಿ?"

"ಕಮ್ಮಿ ತಿಂತೀನಿ ಬಿಡು. ದಿನಾ ಬೆಳಗ್ಗೆ ಅವನ ಮುಖ ನೋಡ್ಕೊಂಡು ಒಂದು-ಎರಡು-ಮೂರು ಎಣಿಸೋಕಾಗ್ತಿಲ್ಲ ನನ್ ಕೈಲಿ. ಓಲ್ಟ್‌ಮನ್ಸ್ ತಗೊಂಡ್ರು, ಸೀಲೂ ಹೊಡೆದ್ರು. ಜಾಗ ಟೆಲ್ಮೊಗೆ ಕೊಡಬಹುದಂತೆ. ಹೋಗು, ಹೇಳು. ಈ ಸಲನಾದ್ರೂ ಬೇಗ ಹೇಳು."

ಅವಳನ್ನು ತಬ್ಬಿಕೊಂಡೆ. ಕಟ್ಟಿಗೆಯ ಹಾಗೆ ನಿಂತಿದ್ದಳು.

ಅದೇ ದಿನ, ಸಂಜೆ ೬

ಓಡುತ್ತಲೇ ಹೋಗಿದ್ದೆ. ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ನಾಟಕಗೃಹದ ಹಿಂದೆ, ಬಂದರಿನ ಗಾಳಿಯಲ್ಲಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಬಸ್ ಡಿಪೋದಲ್ಲಿ ಮಾತಾಡಿದೀನಿ," ಎಂದ. "ಡ್ರೈವರ್ ಟ್ರೈನಿಂಗು, ಆಗಸ್ಟಿಂದ. ವೈದ್ಯರ ಪರೀಕ್ಷೆ ಆಯ್ತು. ಮೊಣಕಾಲು ನೋಡಿ ನಕ್ರು. ಬ್ರೇಕ್ ಒತ್ತೋಕೆ ಸಾಕು ಅಂದ್ರು."

"ಬಸ್ಸು ಓಡಿಸ್ತೀಯಾ? ಟೆಲ್ಮೊ, ಇದು ನಿನ್ನ ಜಾಗ. ಮಾರ್ಗಿಟ್ ನಿನಗೋಸ್ಕರ—"

"ನನ್ನ ಕೇಳಿದ್ಲಾ? ನೀವಾದ್ರೂ ಕೇಳಿದ್ರಾ?" ದನಿ ಏರಲಿಲ್ಲ. "ಆ ಜಾಗಕ್ಕೆ ಬಂದ್ರೆ ಪ್ರತಿ ಸೆಪ್ಟೆಂಬರಲ್ಲಿ ನಿಮ್ಮ ಪಕ್ಕ ಕೂತು ಯಾರಿಗೆ ಹದಿನಾಲ್ಕು ಅಂತ ನಾನೂ ಎಣಿಸ್ಬೇಕು. ಬೆಳಗ್ಗೆ ಅವರಿಗೇ ಪಾಠ ಹೇಳ್ಬೇಕು. ನನ್ ಕೈಲಾಗಲ್ಲ. ನಿಮ್ಗೆ ಹೇಗೆ ಆಗತ್ತೋ ಗೊತ್ತಿಲ್ಲ."

ನನಗೂ ಗೊತ್ತಿಲ್ಲ.

ಸೈಕಲ್ ಹತ್ತಿದ. ಸ್ವಲ್ಪ ದೂರ ಹೋಗಿ ನಿಂತ. "ಮಾರ್ಗಿಟ್‌ಗೆ ನಾನೇ ಹೇಳ್ತೀನಿ. ನೀವು ಹೇಳೋಕೆ ಹೋಗ್ಬೇಡಿ."

ಫೆಬ್ರವರಿ ೨೧, ಬುಧವಾರ

ಓಲ್ಟ್‌ಮನ್ಸ್ ಬಳಿ ಹೋದೆ. ರಾಜೀನಾಮೆ ಹಿಂದಕ್ಕೆ ಕೊಡಿ ಅಂದೆ. ಅವಳೇ ಬಂದು ಬೇಡಿಕೊಂಡರೆ ನೋಡೋಣ ಅಂದರು. ಮಾರ್ಗಿಟ್ ಬೇಡಿಕೊಳ್ಳುವವಳಲ್ಲ. ಟೆಲ್ಮೊ ನಿನ್ನೆ ರಾತ್ರಿಯೇ ಅವಳಿಗೆ ಹೇಳಿದ್ದಾನೆ. ಕೇಳಿದ್ದಕ್ಕೆ, "ಕೊಟ್ಟಿದ್ದು ಕೊಟ್ಟಾಯ್ತು" ಎಂದಷ್ಟೇ ಹೇಳಿ ಪಿಯಾನೊದವನಿಗೆ ಕೈ ಮಾಡಿದಳು. ಕ್ಲಾಸ್ ಶುರುವಾಯಿತು.

ಒಬ್ಬನನ್ನು ಕಳಿಸಬೇಕಿತ್ತು. ಇಬ್ಬರು ಹೋಗುತ್ತಿದ್ದಾರೆ. ಅಕ್ಟೋಬರಿನಲ್ಲಿ ನಾನು ಆ ಸೂಪಿನ ಮುಂದೆ ಕೂತು ಕೇಳದೇ ಇದ್ದಿದ್ದರೆ ಅವಳ ತಲೆಗೆ ಇದು ಬರುತ್ತಲೇ ಇರಲಿಲ್ಲ.

ಜೂನ್ ೨೭, ಗುರುವಾರ

ಶನಿವಾರ ವರ್ಷದ ಕೊನೆಯ ಪ್ರದರ್ಶನ. ಬಿಟ್ಟು ಹೋಗುವವರಿಗೆ ವೇದಿಕೆಯ ಮೇಲೆ ನಿರ್ದೇಶಕರು ಹೂ ಕೊಟ್ಟು ನಾಲ್ಕು ಮಾತು ಹೇಳುವುದು ರೂಢಿ. ಟೆಲ್ಮೊ ಚೀಟಿ ಕಳಿಸಿದ್ದಾನೆ. ಹೂವನ್ನು ಮಾರ್ಗಿಟ್ ಕೊಡಲಿ, ಭಾಷಣ ಬೇಡ, ದಯವಿಟ್ಟು. ದಯವಿಟ್ಟು ಎಂಬುದರ ಕೆಳಗೆ ಗೆರೆ ಎಳೆದಿದ್ದಾನೆ.

ಭಾಷಣ ಬರೆದಿದ್ದೆ. ಹರಿದೆ. ಚೆನ್ನಾಗಿಯೇ ಬರೆದಿದ್ದೆ, ಅದೇ ಅಸಹ್ಯ.

ಜೂನ್ ೨೯, ಶನಿವಾರ, ರಾತ್ರಿ ೯.೪೦

ಕೋಣೆಯಲ್ಲಿ ಒಬ್ಬಳೇ. ಉತ್ತರದ ಈ ಊರಲ್ಲಿ ಜೂನಿನಲ್ಲಿ ಇಷ್ಟು ಹೊತ್ತಾದರೂ ಹೊರಗೆ ಬೆಳಕು. ಸಭಾಂಗಣದಲ್ಲಿ ಕೂರಲು ಆಗಲಿಲ್ಲ. ಗೋಡೆಯ ಮೇಲಿನ ಸ್ಪೀಕರಿನಲ್ಲಿ ವೇದಿಕೆಯ ಸದ್ದೆಲ್ಲ ಕೇಳುತ್ತದೆ — ಸಂಗೀತ, ಅದರಡಿಯಲ್ಲಿ ಕಾಲುಗಳ ಸಪ್ಪಳ. ಯಾವುದು ಯಾರ ಕಾಲು ಅಂತ ಹೇಳಬಲ್ಲೆ. ಅವನು ಬಲಗಾಲಿನಲ್ಲಿ ಮೆಲ್ಲಗೆ ಇಳಿಯುತ್ತಾನೆ, ಮೊಣಕಾಲಿಗಾಗಿ.

ಈಗ ಮೀನುಗಾರ ಮನೆಗೆ ಬಂದ. ಸಪ್ಪಳ ನಿಂತಿತು. ಒಂದು. ಎರಡು. ಮೂರು. ನಾಲ್ಕು. ಐದು… ಇನ್ನೂ ನಿಂತೇ ಇದ್ದಾನೆ.

೯.೫೫

ಮುಗಿಯಿತು. ಚಪ್ಪಾಳೆ. ಮಾರ್ಗಿಟ್ ಹೋಗಿರಬೇಕು ಹೂ ಹಿಡಿದು, ಚಪ್ಪಾಳೆ ಜೋರಾಯಿತು. ಈಗ ಜನ ಮೆಚ್ಚಿ ಕಾಲಿನಿಂದ ನೆಲ ಬಡಿಯುತ್ತಿದ್ದಾರೆ. ಪರದೆ ಬಿದ್ದ ಸದ್ದು ಇನ್ನೂ ಬಂದಿಲ್ಲ.

ವೇದಿಕೆಯ ಮ್ಯಾನೇಜರ್ ಸ್ಪೀಕರಿನಲ್ಲಿ: "ಗೇಸಾ ಹಾರ್ಮ್‌ಸೆನ್, ವೇದಿಕೆಗೆ ಬನ್ನಿ."

ಅಭ್ಯಾಸಬಲ. ಪ್ರತಿ ಸಲ ಕರೆಯುತ್ತಾಳೆ. ಪಾಪ, ಅವಳಿಗೆ ಚೀಟಿಯ ವಿಷಯ ಗೊತ್ತಿಲ್ಲ.

ಮತ್ತೆ. "ಗೇಸಾ, ಎಲ್ಲಿದ್ದೀರಿ? ಟೆಲ್ಮೊ ಪರದೆ ಹಾಕೋಕೆ ಬಿಡ್ತಿಲ್ಲ. ವೇದಿಕೆಯ ಪಕ್ಕದ ಮರೆಗೇ ನೋಡ್ತಾ ನಿಂತಿದ್ದಾನೆ. ಬೇಗ—"

ನನ್ನನ್ನೇ ಅಂತ ಯಾಕೆ ಅಂದುಕೊಳ್ಳಲಿ. ಇಮ್ಕೆ ಇರಬಹುದು ಪಕ್ಕದಲ್ಲಿ, ಮಗಳು ಇರಬಹುದು. ಹೋಗಿ ನಿಂತು, ಅವನು ಮುಖ ತಿರುಗಿಸಿದರೆ… ತಿರುಗಿಸಲಿ. ಅಷ್ಟು ಅವನಿಗೆ ಸಲ್ಲಬೇಕು. ಬೂಟು ಬಿಚ್ಚಿದ್ದೇನೆ, ಒಂದು ಸಿಕ್ಕಿತು, ಇನ್ನೊಂದು ಮೇಜಿನ ಕೆಳಗೆ