ಓದದೆ ಹಾಕಿದ ಸಹಿ

ಅರ್ಚನ,

ನಾನೂ ನಿನ್ನಣ್ಣ ಮುನೀಂದ್ರನೂ ಆರರ ಬಸ್ಸಿಗೆ ಬಂಗಾರಪೇಟೆಗೆ ಹೊರಟಿದ್ದೇವೆ. ಹಾಲು ಕರೆದಿಟ್ಟಿದ್ದೇನೆ, ಏಳರೊಳಗೆ ಡೈರಿಗೆ ಹಾಕು. ಕರುವಿನ ಹಗ್ಗ ಬಿಚ್ಚಬೇಡ, ನಿನ್ನ ಮಾತು ಅದು ಕೇಳುವುದಿಲ್ಲ.

ಇವತ್ತು ಆಸ್ಪತ್ರೆಯಲ್ಲಿ ಸಮಿತಿ ಸಭೆ. ವಾರಕ್ಕೊಮ್ಮೆ ಬರುತ್ತಿದ್ದ ಮನಸ್ಸಿನ ಡಾಕ್ಟರನ್ನು ತಿಂಗಳಿಗೊಮ್ಮೆ ಮಾಡಿ, ಅವರು ಸರಿಯಾಗಿ ನೋಡುತ್ತಾರಾ ಅಂತ ನೋಡುವುದಕ್ಕೆ ರೋಗಿಗಳ ಮನೆಯವರ ಸಮಿತಿ ಮಾಡಿದರಲ್ಲ, ಅದು. ಒಬ್ಬ ಡಾಕ್ಟರ ಮೇಲೆ ಕಣ್ಣಿಡಲು ಒಂಬತ್ತು ಜನ. ಅವರು ಬಂದರೆ ತಾನೆ.

ಹೋದ ಸಭೆಯಲ್ಲಿ ಟೀ ಕೊಡುವ ಮೊದಲೇ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಹಾಜರಿ ಅಂದುಕೊಂಡೆ. ಮೊನ್ನೆ ಮಾತ್ರೆ ಕೇಳಲು ಹೋದರೆ ಆ ಪುಟ ತೋರಿಸಿದರು. ಸಹಿಯ ಮೇಲೆ ಬಿಟ್ಟಿದ್ದ ಜಾಗದಲ್ಲಿ, ತಿಂಗಳಿಗೊಮ್ಮೆ ಸಾಕೆಂದು ಮನೆಯವರೆಲ್ಲ ಒಪ್ಪಿದ್ದಾರೆ ಅಂತ ಆಮೇಲೆ ಬರೆದುಕೊಂಡಿದ್ದಾರೆ. ಒಪ್ಪಿದವರಲ್ಲಿ ನಿಮ್ಮಮ್ಮನೇ ಮೊದಲು. ಅಣ್ಣನ ಮಾತ್ರೆ ಭಾನುವಾರಕ್ಕೆ ಮುಗಿಯುತ್ತದೆ, ಡಾಕ್ಟರು ಬರುವುದು ಇನ್ನು ಹನ್ನೆರಡು ದಿನಕ್ಕೆ.

ಇದನ್ನು ಹೇಳಿದರೆ ಅಣ್ಣ ನಕ್ಕುಬಿಟ್ಟ. "ಅಮ್ಮೋ, ಓದ್ದೆ ಸೈನ್ ಆಕ್ಬಿಟ್ಯಾ? ಡಾಕ್ಟ್ರತ್ರ ಓಗ್ಬೇಕಾಗಿರೋದು ನಾನಾ ನೀನಾ?" ಅಂದ. ಅದಕ್ಕೇ ಅವನನ್ನೇ ಕರೆದುಕೊಂಡು ಹೋಗುತ್ತಿದ್ದೇನೆ. ಆ ಪುಟವನ್ನು ಅವನೇ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾನೆ. ಆ ಸಾಲನ್ನು ಹೊಡೆದು ಹಾಕುವವರೆಗೆ ನಾನು ಪೆನ್ನು ಮುಟ್ಟುವುದಿಲ್ಲ.

ಹುರುಳಿ ಸಾರಿದೆ, ಬಿಸಿ ಮಾಡಿಕೊ, ತಣ್ಣಗೇ ತಿನ್ನಬೇಡ.

ಆಸ್ಪತ್ರೆಯಿಂದ ಫೋನ್ ಬಂದರೆ ಅಮ್ಮ ಹೊರಟಿದ್ದಾರೆ ಅನ್ನು. ಅಣ್ಣನೂ ಬರುತ್ತಿದ್ದಾನೆ ಅಂತ ಮಾತ್ರ ಬಾಯಿ ಬಿಡಬೇಡ. ಗೊತ್ತಾದರೆ ಸಭೆಯನ್ನೂ ಮುಂದಿನ ತಿಂಗಳಿಗೆ ಹಾಕಿಬಿಡುತ್ತಾರೆ.

ಅಮ್ಮ