ನಿನ್ನ ಅಮ್ಮ ಮೈಕ್ ಹಿಡಿದದ್ದು ಯಾರಿಗಾಗಿ

ಸುಳ್ಯ
12-9-2025, ಶುಕ್ರವಾರ

ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಮೈಸೂರು ಬಸ್ಸು ಹತ್ತಿದ ನನ್ನ ಪುಳ್ಳಿ ಯಶಸ್ವಿಗೆ, ಅಜ್ಜಿ ಮಾಡುವ ಆಶೀರ್ವಾದ.

ನೀನು ಎಂಥ ಹುಡುಗಿ ಮಾರಾಯ್ತಿ? ಹೆತ್ತ ಅಮ್ಮ ಫೋನ್ ಮಾಡಿದರೆ ಕಟ್ ಮಾಡುದು, ನಾನು ಮಾಡಿದರೆ "ಕ್ಲಾಸಿನಲ್ಲಿದ್ದೇನೆ ಅಜ್ಜಿ" ಹೇಳುದು. ಆದಿತ್ಯವಾರ ಯಾವ ಕ್ಲಾಸು? ಅದಕ್ಕೇ ಕಾಗದ. ಇದನ್ನು ಕಟ್ ಮಾಡ್ಲಿಕ್ಕೆ ಆಗುದಿಲ್ಲ, ಹರಿದು ಬಿಸಾಡುದಾದರೂ ಓದಿಯೇ ಬಿಸಾಡಬೇಕು. ಬಾಗಿಲು ಹಾಕಿ ಒಬ್ಬಳೇ ಓದು.

ಆರೋಗ್ಯ ಹೇಗುಂಟು? ಊಟ ಸೇರುತ್ತದಾ? ಜ್ವರ, ಕೆಮ್ಮು ಎಂತಾದರೂ ಉಂಟಾ? ಸುಮ್ಮನೆ ಕೇಳುದಲ್ಲ. ಚೌತಿಗೆ ಬಂದು ಅಮ್ಮನ ಹತ್ತಿರ ಜಗಳ ಮಾಡಿ ಹೋದೆಯಲ್ಲ, ಮೊನ್ನೆ ನಿನ್ನ ಹಾಸಿಗೆ ಕೊಡವುವಾಗ ಮಾತ್ರೆಯ ಡಬ್ಬಿ ಸಿಕ್ಕಿತು. ಸೀಲು ಸಹ ಒಡೆದಿಲ್ಲ. ಹಾಗಾದರೆ ಅಲ್ಲಿ ದಿನಾ ಎಂತ ನುಂಗುತ್ತಿದ್ದೀ, ಸಿಟ್ಟನ್ನಾ? ಹುಟ್ಟುವಾಗಲೇ ಎಚ್‌ಐವಿ ಅಂಟಿದ ಮಗು ನೀನು. ಆ ಮಾತ್ರೆಯಿಂದಲೇ ಇಷ್ಟುದ್ದ ಬೆಳೆದು ನನಗೆ ಎದುರು ಮಾತಾಡುವಷ್ಟು ಆದದ್ದು. ಡಬ್ಬಿ ಈ ಪಾರ್ಸೆಲಿನಲ್ಲೇ ಉಂಟು, ಹಲಸಿನ ಹಪ್ಪಳದ ಕಟ್ಟಿನ ಒಳಗೆ. ಇವತ್ತೇ ಶುರು ಮಾಡು, ನಡುವೆ ತಪ್ಪಿದ್ದನ್ನು ಅಲ್ಲಿಯ ಡಾಕ್ಟರರಿಗೆ ಮುಚ್ಚಿಡದೆ ಹೇಳು. ಕೋಣೆಯ ಹುಡುಗಿಯರ ಎದುರು ನುಂಗುದು ಕಷ್ಟ ಅಂತ ನನಗೂ ಗೊತ್ತಾಗುತ್ತದೆ. ಶಕ್ತಿಯ ಮಾತ್ರೆ ಅಂತ ಹೇಳು. ಸುಳ್ಳು ಹೇಳಿದ ಪಾಪ ನನಗಿರಲಿ.

ಸಿಟ್ಟಿನ ಕಾರಣ ಗೊತ್ತುಂಟು. ಕಡಬದಲ್ಲಿ ಹೆಂಗಸರ ಸಭೆಯಲ್ಲಿ ನಿನ್ನ ಅಮ್ಮ ಮೈಕ್ ಹಿಡಿದು "ನಾನು ಲೋಲಾಕ್ಷಿ, ನನಗೆ ಎಚ್‌ಐವಿ ಉಂಟು, ಸತ್ತಿಲ್ಲ, ಸರಿಯಾಗಿ ನೋಡಿ" ಅಂದಳು. ಯಾರೋ ಮೊಬೈಲಿನಲ್ಲಿ ಹಿಡಿದು ಊರಿಡೀ ಕಳಿಸಿದರು. "ಅಮ್ಮನಿಗೆ ನನ್ನ ಮರ್ಯಾದೆಗಿಂತ ಮೈಕೇ ದೊಡ್ಡದು" ಅಂದುಬಿಟ್ಟೆ ನೀನು. ಕಾಯಿಲೆ ತಂದವನು ನನ್ನ ಮಗ, ನಿನ್ನ ಅಪ್ಪ ದೇವದಾಸ. ಅವನು ಸತ್ತು ಪುಣ್ಯಾತ್ಮನಾದ. ಬದುಕಿ ಎದ್ದು ನಿಂತವಳು ಮರ್ಯಾದೆ ಬಿಟ್ಟವಳು. ಇದು ಯಾವ ಸೀಮೆಯ ನ್ಯಾಯ?

ಅವಳ ಕೆಲಸ ನೀನು ನೋಡಲಿಲ್ಲ, ನಾನು ನೋಡಿದ್ದೇನೆ. ಕಾಯಿಲೆ ಉಂಟು ಅಂತ ಹೊಸತಾಗಿ ಗೊತ್ತಾದವರ ಮನೆಗೆ ಹೋಗಿ ಧೈರ್ಯ ಹೇಳಿ ಆಸ್ಪತ್ರೆಗೆ ಹೊರಡಿಸುದು. ಒಬ್ಬಳೇ ಹೋದರೆ ಆಚೆಮನೆಯವರಿಗೆ ಸಂಶಯ, ಮುದುಕಿ ಜೊತೆಗಿದ್ದರೆ ಏನೋ ಮದುವೆ ನೆಂಟಸ್ತಿಕೆಯ ಮಾತು ಅಂತ ಎಣಿಸುತ್ತಾರೆ. ಹಾಗೆ ನನ್ನನ್ನೂ ಜೀಪಿಗೆ ಹೇರಿಕೊಂಡು ಹೋಗುದು. ಇಚಿಲಂಪಾಡಿಯಲ್ಲಿ ಒಬ್ಬರು ನನ್ನನ್ನೇ ನಿಲ್ಲಿಸಿ "ನಮ್ಮ ಮಗ ಕೀರ್ತನ್‌ಗೂ ಒಂದು ಹುಡುಗಿ ನೋಡಿ ಅಜ್ಜಿ" ಅಂದರು. ಮೊದಲು ಅವನಿಗೆ ಬೆಳಿಗ್ಗೆ ಏಳುದು ಕಲಿಸಿ, ಮತ್ತೆ ನೋಡುವಾ ಅಂದೆ.

ಹೋದ ವರ್ಷ ಆಚೆ ಕಡೆಯ ಒಂದು ಮನೆಗೆ ಹೋದೆವು. ಯಾರ ಮನೆ ಅಂತ ಬರೆಯುದಿಲ್ಲ. ತನ್ನ ಹೆಸರನ್ನು ಮೈಕಿನಲ್ಲಿ ಹೇಳುವ ನಿನ್ನ ಅಮ್ಮ ಬೇರೆಯವರ ಹೆಸರನ್ನು ನನ್ನ ಬಾಯಿಯಿಂದಲೂ ಹೊರಗೆ ಬರಲು ಬಿಡುದಿಲ್ಲ. ಆ ಮನೆಯ ಬಸುರಿ ಸೊಸೆಯನ್ನು ರಬ್ಬರ್ ಶೀಟ್ ಒಣಗಿಸುವ ಕೊಟ್ಟಿಗೆಯಲ್ಲಿ ಮಲಗಿಸಿದ್ದರು, ಬಟ್ಟಲು ಬೇರೆ, ಲೋಟ ಬೇರೆ. ಅವಳ ಅತ್ತೆ ಜಗಲಿಯಲ್ಲೇ ನಿಂತು "ನಿಮಗೆ ಹೇಳುದು ಸುಲಭ, ನಿಮ್ಮ ಮನೆಗೆ ಬಂದಿದ್ದರೆ ಗೊತ್ತಾಗುತ್ತಿತ್ತು" ಅಂದಳು. ಲೋಲಾಕ್ಷಿ "ಬಂದಿದೆ ಅಕ್ಕ. ನನಗೇ ಉಂಟು. ಇವರು ನನ್ನ ಅತ್ತೆ, ನನ್ನ ಅಡುಗೆ ತಿಂದೇ ಇಷ್ಟು ನಾಲಿಗೆ ಬೆಳೆದದ್ದು" ಅಂದಳು. ನಾನು ಬಿಡುತ್ತೇನಾ? "ಉಪ್ಪು ಮಾತ್ರ ಯಾವತ್ತೂ ಕಮ್ಮಿ" ಅಂದೆ. ಆ ಹೆಂಗಸಿಗೆ ಬೇಡವೆಂದರೂ ನಗೆ ಬಂತು. ನಗೆ ಬಂದ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುದು ಹೇಗೆ?

ಕೊಟ್ಟಿಗೆಯಲ್ಲಿ ಆ ಹುಡುಗಿ ಮಾತ್ರೆ ಮುಟ್ಟಿರಲಿಲ್ಲ, ಹೊಟ್ಟೆಯ ಮಗುವಿಗೆ ಕೆಟ್ಟದು ಅಂತ ಯಾರೋ ಹೆದರಿಸಿದ್ದರು. ತೆಗೆದುಕೊಳ್ಳದಿದ್ದರೇ ಕೆಟ್ಟದು, ಸರಿಯಾಗಿ ತೆಗೆದುಕೊಂಡರೆ ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು ಅಂತ ಲೋಲಾಕ್ಷಿ ಸಮಾಧಾನದಲ್ಲಿ ಹೇಳಿದಳು. ಆಗ ಆ ಹುಡುಗಿ ಕೇಳಿದಳು, "ನಿಮ್ಮ ಮಗುವಿಗೆ ಎಂತ ಆಯಿತು ಅಕ್ಕ?" ಸುಳ್ಳು ಹೇಳಬಹುದಿತ್ತು. ನಿನ್ನ ಅಮ್ಮ ಅವಳ ಹಾಸಿಗೆಯ ಬದಿಯಲ್ಲೇ ಕುಳಿತಳು. ಮತ್ತೆ, "ನನ್ನ ಮಗಳಿಗೆ ಬಂತು. ಆಗ ನನಗೆ ಹೀಗೆ ಮನೆಗೆ ಬಂದು ಹೇಳುವವರು ಯಾರೂ ಇರಲಿಲ್ಲ. ನಿನಗೆ ನಾನಿದ್ದೇನೆ" ಅಂದಳು. ಆ ಹುಡುಗಿ ಅದೇ ವಾರ ಅವಳ ಜೊತೆ ಪುತ್ತೂರಿನ ಆಸ್ಪತ್ರೆಗೆ ಹೊರಟಳು. ಈಗ ಮಗು ಅಂಬೆಗಾಲಿಡುತ್ತದೆ, ಇಷ್ಟರವರೆಗಿನ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲ. ಫೋನ್ ಮಾಡಿ, ಅತ್ತುಕೊಂಡು ಇದನ್ನು ಹೇಳಿದ್ದು ಆ ಅತ್ತೆಯೇ.

ಈಗ ಹೇಳು, ಅವಳು ಮೈಕ್ ಹಿಡಿದದ್ದು ಯಾರಿಗಾಗಿ? ನಿನಗೆ ಸಿಗದೆ ಹೋದದ್ದನ್ನು ಊರಿನ ಮಕ್ಕಳಿಗೆ ಸಿಗುವ ಹಾಗೆ ಮಾಡುತ್ತಿದ್ದಾಳೆ, ನಿನ್ನ ಹೆಸರನ್ನು ಮಾತ್ರ ಎಲ್ಲಿಯೂ ಎತ್ತಿದವಳಲ್ಲ. ಅಂಥವಳ ಮಗಳೇ ಮಾತ್ರೆ ಬಿಟ್ಟರೆ ಅವಳು ಯಾರ ಮನೆಯ ಮೆಟ್ಟಿಲು ಹತ್ತುದು? ಡಬ್ಬಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಅದು ನಿನ್ನ ಬಾಯಿಯಿಂದಲೇ ಬರಬೇಕು.

ನೂರು ವರ್ಷ ಬಾಳು. ಅಷ್ಟು ಬೇಡವಾದರೆ ನನ್ನಷ್ಟಾದರೂ ಬಾಳು.

ಇತಿ,
ನಿನ್ನ ಅಜ್ಜಿ
ಪೂವಕ್ಕ

ಬಿಟ್ಟುಹೋದದ್ದು: ಬರುವ ತಿಂಗಳ ಮೊದಲ ಆದಿತ್ಯವಾರ ಲೋಲಾಕ್ಷಿ ನಿನ್ನನ್ನು ನೋಡಲು ಬರುತ್ತಾಳೆ. ನಿನ್ನೆ ಮೀನು ಕೊಯ್ಯುತ್ತಾ ಮುಖ ಎತ್ತದೆ ಕೇಳಿದಳು, "ಹಾಸ್ಟೆಲಿನವರು ಆ ವಿಡಿಯೋ ನೋಡಿರಬಹುದು ಅತ್ತೆ. ಗೇಟಿನಲ್ಲಿ ಯಶಸ್ವಿಯ ಅಮ್ಮ ಅಂತ ಹೇಳುದಾ, ಬೇರೆ ಯಾರೋ ಅಂತ ಹೇಳುದಾ?" ಅಷ್ಟು ಜನರ ಎದುರು ಹೆದರದವಳು ನಿನ್ನ ವಾಚ್‌ಮನ್‌ಗೆ ಹೆದರುತ್ತಾಳೆ. ನಾನು ಉತ್ತರ ಕೊಡಲಿಲ್ಲ, ಕೊಡಬೇಕಾದವಳು ನೀನು. ಅವಳು ಅಲ್ಲಿ ತನ್ನನ್ನು ಯಾರು ಅಂತ ಹೇಳಬೇಕು, ನಿನ್ನ ಕೈಯಿಂದಲೇ ಅವಳಿಗೆ ಬರೆ. ತಿಂಗಳು ಮುಗಿಯುವ ಮೊದಲು ಬರೆ.